ಕ್ಲೋರೋಕ್ವಿನ್ ಮಾಪನ: ಕ್ಯೂಸಿ ಸರಿಯಿದ್ದರೂ ರೋಗಿಗಳ ಮಾದರಿಗಳು ತಾಳೆಯಾಗುತ್ತಿಲ್ಲ

ಪ್ರಶ್ನೆ:
ವೈವಾಕ್ಸ್ ಎಂಬ ರೋಗಾಣುವಿನಿಂದ ಬರುವ ಮಲೇರಿಯಾಕ್ಕೆ ಕ್ಲೋರೋಕ್ವಿನ್ ತೆಗೆದುಕೊಂಡವರ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಔಷಧದ ಮಟ್ಟವನ್ನು ಎಲ್‌ಸಿ-ಎಂಎಸ್ ಉಪಕರಣದಲ್ಲಿ (ಮಾದರಿಯ ಘಟಕಗಳನ್ನು ಬೇರ್ಪಡಿಸಿ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರದಲ್ಲಿ) ಅಳೆಯುತ್ತಿದ್ದೇವೆ. ಕ್ಯಾಲಿಬ್ರೇಷನ್ (ಗೊತ್ತಿರುವ ಪ್ರಮಾಣಗಳಿಂದ ಅಳತೆಯನ್ನು ಹೊಂದಿಸುವುದು) ಚೆನ್ನಾಗಿ ಬರುತ್ತದೆ, ಕ್ಯೂಸಿ ಮಾದರಿಗಳೂ (ಗುಣಮಟ್ಟ ಪರೀಕ್ಷೆಗೆ ಗೊತ್ತಿರುವಷ್ಟು ಔಷಧ ಬೆರೆಸಿದವು) ಮಿತಿಯೊಳಗೇ ಇರುತ್ತವೆ. ಆದರೆ ಒಬ್ಬರೇ ರೋಗಿಯಿಂದ ಒಂದೇ ಹೊತ್ತಿನಲ್ಲಿ ತೆಗೆದ ಎರಡು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬುಗಳಲ್ಲಿ ಒಂದು ಮಿಲಿಲೀಟರಿಗೆ 62 ನ್ಯಾನೋಗ್ರಾಂ ತೋರಿಸಿದರೆ ಇನ್ನೊಂದು 118 ತೋರಿಸಿತು. ಉಪಕರಣದ ಕಾಲಮ್ ಬದಲಿಸಿ, ಅದರ ಅಯಾನ್ ಸೋರ್ಸ್ ಶುಚಿಗೊಳಿಸಿದರೂ ಪ್ರಯೋಜನವಾಗಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ:
ಮೇಡಂ, ಉಪಕರಣವನ್ನು ಸದ್ಯಕ್ಕೆ ಬಿಡಿ. ಕ್ಯೂಸಿಯನ್ನು ನೀವು ಕಣಗಳಿಲ್ಲದ ಪ್ಲಾಸ್ಮಾಕ್ಕೆ ಔಷಧ ಬೆರೆಸಿ ತಯಾರಿಸಿರುತ್ತೀರಿ. ಹಾಗಾಗಿ ರಕ್ತ ತೆಗೆದಂದಿನಿಂದ ಪ್ಲಾಸ್ಮಾ ಬೇರ್ಪಡುವವರೆಗೆ ಆದ ವ್ಯತ್ಯಾಸ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಕ್ಲೋರೋಕ್ವಿನ್ ರಕ್ತಕಣಗಳಲ್ಲಿಯೂ ಪ್ಲೇಟ್‌ಲೆಟ್‌ಗಳಲ್ಲಿಯೂ ಶೇಖರವಾಗುವ ಔಷಧವಾದ್ದರಿಂದ ಇಡೀ ರಕ್ತದಲ್ಲಿ ಅದರ ಮಟ್ಟ ಪ್ಲಾಸ್ಮಾದಲ್ಲಿರುವುದರ ಹಲವು ಪಟ್ಟು ಇರುತ್ತದೆ, ಮತ್ತು ಪ್ಲಾಸ್ಮಾದಲ್ಲಿ ಕೊಂಚ ಪ್ಲೇಟ್‌ಲೆಟ್ ಉಳಿದರೂ ಅಂಕಿ ಏರುತ್ತದೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕೂಡ ಬೇಡ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಔಷಧವನ್ನು ಹೊರಬಿಡುತ್ತವೆ. ಎರಡು ಟ್ಯೂಬುಗಳನ್ನೂ ಒಂದೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ್ದಿರಾ?

ಪ್ರಶ್ನಿಸಿದವರು:
ಇಲ್ಲ ಸರ್. 118 ಬಂದದ್ದನ್ನು ರಕ್ತ ಸಂಗ್ರಹಿಸಿದ ಕಡೆಯೇ ಕಡಿಮೆ ವೇಗದಲ್ಲಿ ತಿರುಗಿಸಿದ್ದರು. ಫ್ರಿಜ್ಜಿನಲ್ಲಿ ಉಳಿದಿದ್ದ ಆ ಪ್ಲಾಸ್ಮಾವನ್ನು ಬೆಳಕಿಗೆ ಹಿಡಿದರೆ ತುಸು ಮಬ್ಬಾಗಿತ್ತು. ಹೆಚ್ಚಿನ ವೇಗದಲ್ಲಿ ಮತ್ತೆ ತಿರುಗಿಸಿದಾಗ ತಳದಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆ ಕೂತಿತು; ಮೇಲಿನ ತಿಳಿಯನ್ನು ಅಳೆದರೆ 71 ಬಂತು.

ಉತ್ತರ:
ಹಾಗಿದ್ದರೆ ಕಾರಣ ಸಿಕ್ಕಿತು: ಕಡಿಮೆ ವೇಗದಿಂದಾಗಿ ಪ್ಲೇಟ್‌ಲೆಟ್‌ಗಳು ಪ್ಲಾಸ್ಮಾದಲ್ಲೇ ಉಳಿದಿದ್ದವು. ಆದರೂ ವೇಗ ಸರಿಪಡಿಸಿ ಪ್ಲಾಸ್ಮಾದಲ್ಲೇ ಮುಂದುವರಿಯಬೇಡಿ, ಇಡೀ ರಕ್ತಕ್ಕೆ ಬದಲಾಯಿಸಿ ಎಂಬುದು ನನ್ನ ಖಚಿತ ಸಲಹೆ. ವೈವಾಕ್ಸ್ ರೋಗಾಣು ಔಷಧಕ್ಕೆ ತೋರುವ ಪ್ರತಿರೋಧವನ್ನು ನಿರ್ಧರಿಸಲು ಬಳಸುವ, ಮಿಲಿಲೀಟರಿಗೆ 100 ನ್ಯಾನೋಗ್ರಾಂ ಮಿತಿಯು ಇಡೀ ರಕ್ತದಲ್ಲಿರುವ ಕ್ಲೋರೋಕ್ವಿನ್ ಮತ್ತು ಡೆಸೀಥೈಲ್‌ಕ್ಲೋರೋಕ್ವಿನ್‌ಗಳ (ದೇಹದಲ್ಲಿ ಕ್ಲೋರೋಕ್ವಿನ್‌ನಿಂದ ಉಂಟಾಗುವ ವಸ್ತು) ಮೊತ್ತಕ್ಕೆ ಸಂಬಂಧಿಸಿದ್ದು. ಪ್ಲಾಸ್ಮಾದ ಅಂಕಿಯನ್ನು ಅದರೊಂದಿಗೆ ಹೋಲಿಸಿದರೆ, ಸಾಕಷ್ಟು ಔಷಧವಿದ್ದೂ ರೋಗಾಣು ಮರಳಿದವರನ್ನು ಔಷಧ ಸಾಲದವರೆಂದು ತಪ್ಪಾಗಿ ಎಣಿಸುತ್ತೀರಿ. ಕ್ಯಾಲಿಬ್ರೇಷನ್ನನ್ನೂ ಔಷಧವಿಲ್ಲದ ಇಡೀ ರಕ್ತದಲ್ಲೇ ತಯಾರಿಸಿ, ಬೆರೆಸಿದ ಔಷಧ ಕಣಗಳೊಳಗೆ ಸೇರಲು ಸಮಯ ಕೊಡಿ. ಡ್ಯುಟೀರಿಯಂ (ಭಾರ ಹೈಡ್ರೋಜನ್) ಇರುವ ಕ್ಲೋರೋಕ್ವಿನ್ನನ್ನು ಆಂತರಿಕ ಮಾನಕವಾಗಿ (ಪ್ರತಿ ಮಾದರಿಗೂ ಒಂದೇ ಪ್ರಮಾಣದಲ್ಲಿ ಬೆರೆಸಿ ಹೋಲಿಸುವ ವಸ್ತುವಾಗಿ) ಬಳಸಿ. ಗಾಜಿಗೆ ಔಷಧ ಅಂಟಿಕೊಳ್ಳುವುದರಿಂದ ಪಾಲಿಪ್ರೊಪಿಲೀನ್ ಟ್ಯೂಬುಗಳಿರಲಿ. ಈಗಾಗಲೇ ಫ್ರೀಜರಿನಲ್ಲಿ ಗಟ್ಟಿಯಾಗಿರುವ ಮಬ್ಬು ಪ್ಲಾಸ್ಮಾವನ್ನು ಮತ್ತೆ ತಿರುಗಿಸಿ ಫಲವಿಲ್ಲ. ಅದರಲ್ಲಿ ಪ್ಲೇಟ್‌ಲೆಟ್‌ಗಳು ಒಡೆದು ಔಷಧ ಹೊರಬಂದಿರುತ್ತದೆ.