ಕುಡಿತ ಬಿಟ್ಟರೆ ಪ್ಲೇಟ್‌ಲೆಟ್ ಏರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 46 ವರ್ಷ. ಹತ್ತು ವರ್ಷದಿಂದ ದಿನಾ ಎರಡು ಕ್ವಾರ್ಟರ್ ಕುಡಿತಾರೆ. ಸುಸ್ತು ಅಂದ್ರು ಅಂತ ರಕ್ತ ಪರೀಕ್ಷೆ ಮಾಡಿಸಿದ್ವಿ. ಹಿಮೋಗ್ಲೋಬಿನ್ 10.4, ಎಂಸಿವಿ 108, ಪ್ಲೇಟ್‌ಲೆಟ್ 82 ಸಾವಿರ. ಜ್ವರ ಇಲ್ಲ, ಡೆಂಗಿ ನೆಗೆಟಿವ್. ಕುಡಿತದಿಂದ ಲಿವರ್ ಹಾಳಾಗುತ್ತೆ ಅಂತ ಗೊತ್ತಿತ್ತು. ರಕ್ತಕ್ಕೂ ತೊಂದರೆನಾ?

ವೈದ್ಯರು: ಹೌದಮ್ಮ. ರಕ್ತಕಣ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಮದ್ಯ ನೇರವಾಗಿ ಅಲ್ಲಿಗೇ ಪೆಟ್ಟು ಕೊಡುತ್ತೆ. ಪ್ಲೇಟ್‌ಲೆಟ್ ಕಮ್ಮಿ ಹುಟ್ಟುತ್ತವೆ, ಹುಟ್ಟಿದವೂ ಬೇಗ ಸಾಯುತ್ತವೆ. ಬಿಳಿ ರಕ್ತಕಣಗಳೂ ಸೊರಗುತ್ತವೆ, ಹಾಗಾಗಿ ಇಂಥವರಿಗೆ ನ್ಯುಮೋನಿಯಾ ಬಂದರೆ ಜೋರಾಗಿಯೇ ಬರುತ್ತೆ.

ಎಂಸಿವಿ ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 100ರ ಒಳಗಿರಬೇಕು. ಊಟ ಬಿಟ್ಟು ಕುಡಿಯುವವರಲ್ಲಿ ಫೋಲಿಕ್ ಆಸಿಡ್ ಕಮ್ಮಿಯಾಗಿ ಕಣ ದಪ್ಪಗಾಗುತ್ತೆ. ಅದು ಸರಿಯಿದ್ದರೂ ಬರೀ ಮದ್ಯದಿಂದಲೇ ಹಾಗಾಗಬಹುದು. ವಿಟಮಿನ್ ಬಿ12 ತಪ್ಪದೆ ನೋಡಿಸಿ. ಬಿ12 ಕೊರತೆ ಇದ್ದು ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗಿದರೆ ರಕ್ತ ಸುಧಾರಿಸಿದ ಹಾಗೆ ಕಾಣುತ್ತೆ, ನರ ಮಾತ್ರ ಹಾಳಾಗ್ತಾನೇ ಇರುತ್ತೆ.

ಗುಂಪಿನ ಇನ್ನೊಬ್ಬ ಸದಸ್ಯರು: ಅಕ್ಕಾ, ಪರಂಗಿ ಎಲೆ ರಸ ಕುಡಿಸಿ, ಪ್ಲೇಟ್‌ಲೆಟ್ ಏರುತ್ತೆ.

ವೈದ್ಯರು: ನಿಮ್ಮ ಕಾಳಜಿ ಅರ್ಥವಾಗುತ್ತೆ, ಆದರೆ ಇಲ್ಲಿ ಎಲೆ ರಸದ ಹಿಂದೆ ಹೋಗೋದು ಬೇಡ. ಮದ್ಯವೇ ಕಾರಣವಾಗಿದ್ದರೆ, ಅದು ನಿಂತ ವಾರದೊಳಗೆ ಪ್ಲೇಟ್‌ಲೆಟ್ ತಾನಾಗಿಯೇ ಏರತೊಡಗುತ್ತೆ. ಏರದಿದ್ದರೆ ಲಿವರ್ ಗಟ್ಟಿಯಾಗಿ, ಗುಲ್ಮ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡಿರಬಹುದು. ಅದಕ್ಕೇ ಹೊಟ್ಟೆ ಸ್ಕ್ಯಾನಿಂಗ್ ಈಗಲೇ ಆಗಲಿ. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಅಥವಾ ರಕ್ತ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಹಾಗಾದ್ರೆ ಇವತ್ತಿಂದಲೇ ಬಾಟಲಿ ಬಚ್ಚಿಡ್ಲಾ ಡಾಕ್ಟ್ರೇ?

ವೈದ್ಯರು: ಬೇಡಮ್ಮ, ಖಂಡಿತ ಬೇಡ. ದಿನಾ ಇಷ್ಟು ಕುಡಿಯುವವರು ಏಕಾಏಕಿ ಬಿಟ್ಟರೆ ಎರಡು ಮೂರು ದಿನದಲ್ಲೇ ಕೈ ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣಿಸೋದು ಶುರುವಾಗಬಹುದು. ಪ್ರಾಣವೇ ಹೋಗಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ, ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೋ ನೋಡಿ. ಅಲ್ಲಿ ಔಷಧಿ, ಬಿ1 ಇಂಜೆಕ್ಷನ್ ಕೊಟ್ಟು ಜೋಪಾನವಾಗಿ ಬಿಡಿಸುತ್ತಾರೆ.

ಇನ್ನೊಂದು ಮಾತು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಳೆಯ ದಪ್ಪ ಕಣಗಳೆಲ್ಲ ಹೋಗಿ ಎಂಸಿವಿ ಇಳಿಯೋಕೆ ಮೂರು ನಾಲ್ಕು ತಿಂಗಳಾದರೂ ಬೇಕು. ಮುಂದಿನ ತಿಂಗಳ ರಿಪೋರ್ಟ್‌ನಲ್ಲಿ ಅದು ಹಾಗೇ ಇದ್ದರೆ, ಕದ್ದು ಕುಡಿದಿದ್ದಾರೆ ಅಂತ ಅವರ ಮೇಲೆ ಅನುಮಾನ ಪಡಬೇಡಿ.