ಟ್ರಾನ್ಸ್‌ಫಾರ್ಮರ್ ಆಯಿಲ್ ಫಿಲ್ಟರ್ ಮಾಡಿಸಿದ ಮೇಲೆ ಬಿಡಿವಿ ಏರಿತು, ಆಸಿಡಿಟಿ ಮಾತ್ರ ಇಳಿಯಲಿಲ್ಲ. ಯಾಕೆ?

ಶಿಫ್ಟ್‌ನವ:
ನಮ್ಮ ಕಾರ್ಖಾನೆಯಲ್ಲಿ 11 ಕೆವಿ, 1000 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. 22 ವರ್ಷ ಹಳೆಯದು, ಕನ್ಸರ್ವೇಟರ್ (ಆಯಿಲ್ ಹಿಗ್ಗಿ ಕುಗ್ಗಲು ಮೇಲಿರುವ ಟ್ಯಾಂಕ್) ಇರುವಂಥದ್ದು. ಹೋದ ತಿಂಗಳು ಆಯಿಲ್ ಫಿಲ್ಟರ್ ಮಾಡಿಸಿದೆವು. ಮೊದಲು ಬಿಡಿವಿ (ಆಯಿಲ್ ತಡೆದುಕೊಳ್ಳಬಲ್ಲ ವೋಲ್ಟೇಜ್) 28 ಕೆವಿ ಇತ್ತು, ಈಗ 66. ನೀರು 38 ಪಿಪಿಎಂ ಇದ್ದದ್ದು 9ಕ್ಕೆ ಇಳಿದಿದೆ. ಆದರೆ ಆಸಿಡಿಟಿ 0.24 ಇದ್ದದ್ದು 0.23 ಆಗಿದೆ, ಅಷ್ಟೇ. ಐಎಫ್‌ಟಿ (ಆಯಿಲ್ ಮತ್ತು ನೀರು ಸೇರುವ ಮೇಲ್ಮೈಯ ಬಿಗಿತ, ಆಯಿಲ್ ಕೆಟ್ಟಷ್ಟೂ ಇಳಿಯುತ್ತದೆ) 18ರಲ್ಲೇ ನಿಂತಿದೆ. ಬಣ್ಣವೂ ಮೊದಲಿನ ಹಾಗೇ ಕಡು ಕಂದು. ಫಿಲ್ಟರ್ ಮಾಡಿದವರು "66 ಬಂದಿದೆಯಲ್ಲ, ಇನ್ನೇನು ಬೇಕು" ಅಂದು ಹೋದರು. ನನಗೆ ಸಮಾಧಾನವಿಲ್ಲ. ಫಿಲ್ಟರ್ ಸರಿಯಾಗಿ ಆಗಲಿಲ್ಲವಾ? ಇಷ್ಟಕ್ಕೇ ಬಿಡಬಹುದಾ?

ಆಯಿಲ್‌ಲ್ಯಾಬ್:
ಫಿಲ್ಟರ್ ಸರಿಯಾಗಿಯೇ ಆಗಿದೆ. ಅದು ಮಾಡುವ ಕೆಲಸವೇ ಅಷ್ಟು. ಬಿಸಿ ಮಾಡಿ, ವ್ಯಾಕ್ಯೂಮ್ ಕೊಟ್ಟು ನೀರು ಮತ್ತು ಗಾಳಿ ತೆಗೆಯುತ್ತದೆ, ಕಸ ಸೋಸುತ್ತದೆ. ಬಿಡಿವಿಯನ್ನು ಇಳಿಸುವುದು ಮುಖ್ಯವಾಗಿ ನೀರು ಮತ್ತು ಕಸವೇ. ಹಾಗಾಗಿ ಬಿಡಿವಿ ಏರಿತು. ಆಸಿಡ್ ಮಾತ್ರ ಆಯಿಲ್‌ನಲ್ಲಿ ಕರಗಿಕೊಂಡಿರುತ್ತದೆ. ಸಕ್ಕರೆ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಕ್ಕರೆ ಬಟ್ಟೆಯಲ್ಲಿ ಉಳಿಯುತ್ತದಾ? ಹಾಗೇ ಇದೂ.

ನಾನು ಹದಿನಾಲ್ಕು ವರ್ಷದಿಂದ ಆಯಿಲ್ ಪರೀಕ್ಷೆಯನ್ನೇ ಮಾಡುತ್ತಿದ್ದೇನೆ. ಬಿಡಿವಿ ಒಂದನ್ನೇ ನೋಡಿ ಆಯಿಲ್ ಚೆನ್ನಾಗಿದೆ ಅಂತ ಬರೆಯುವುದನ್ನು ಕಂಡಾಗಲೆಲ್ಲ ಬೇಜಾರಾಗುತ್ತದೆ. ಆ ಸಂಖ್ಯೆ ಇವತ್ತಿನ ಮಾತು ಹೇಳುತ್ತದೆ. ಇಷ್ಟು ವರ್ಷ ಬಿಸಿಯಲ್ಲಿ ಬೆಂದದ್ದರ ಲೆಕ್ಕ ಇರುವುದು ಆಸಿಡಿಟಿ ಮತ್ತು ಐಎಫ್‌ಟಿಯಲ್ಲಿ. ಹೊಸ ಮಿನರಲ್ ಆಯಿಲ್‌ನ ಆಸಿಡಿಟಿ 0.01ಕ್ಕಿಂತ ಹೆಚ್ಚಿರಬಾರದು, ಐಎಫ್‌ಟಿ ಸಾಮಾನ್ಯವಾಗಿ 40ರ ಮೇಲಿರುತ್ತದೆ. ನಿಮ್ಮದು ಎಲ್ಲಿಂದ ಎಲ್ಲಿಗೆ ಬಂದಿದೆ ನೋಡಿ.

ಒಳಗೆ ಆಗುವುದು ಇದು. ಕನ್ಸರ್ವೇಟರ್ ಗಾಳಿ ಎಳೆಯುವ ಬ್ರೀದರ್ ಮೂಲಕ ಬರುವ ಗಾಳಿಯ ಆಮ್ಲಜನಕ ಬಿಸಿ ಆಯಿಲ್ ಜೊತೆ ಸೇರಿ ಮೊದಲು ಪೆರಾಕ್ಸೈಡ್ ಆಗುತ್ತದೆ. ಅದು ಒಡೆದು ಇದೇ ಕ್ರಿಯೆಯನ್ನು ಇನ್ನಷ್ಟು ಕಡೆ ಶುರು ಮಾಡುತ್ತದೆ. ಕೊನೆಗೆ ಆಸಿಡ್, ನೀರು, ಮಡ್ಡಿ ಉಳಿಯುತ್ತವೆ. ವೈಂಡಿಂಗ್‌ನ ತಾಮ್ರ ಇದನ್ನು ಜೋರು ಮಾಡುತ್ತದೆ. ಆಕ್ಸಿಡೇಶನ್ ಪರೀಕ್ಷೆಯಲ್ಲೂ ಅದಕ್ಕೇ 120 ಡಿಗ್ರಿಯಲ್ಲಿ ತಾಮ್ರದ ತಂತಿ ಹಾಕಿ, ಗಾಳಿ ಬಿಡುತ್ತೇವೆ. ಇನ್ಹಿಬಿಟರ್ (ಆಮ್ಲಜನಕದಿಂದ ಕೆಡುವುದನ್ನು ತಡೆಯಲು ಸೇರಿಸುವ ವಸ್ತು) ಇಲ್ಲದ ಆಯಿಲ್‌ಗೆ 164 ಗಂಟೆ, ಇರುವುದಕ್ಕೆ 500 ಗಂಟೆ. ಒಮ್ಮೆ ಕುತೂಹಲಕ್ಕೆ ತಾಮ್ರ ಇಲ್ಲದ ಒಂದು ಟ್ಯೂಬನ್ನೂ ಪಕ್ಕದಲ್ಲಿ ಇಟ್ಟಿದ್ದೆ. ಕೊನೆಯ ದಿನ ಎರಡನ್ನೂ ಬೆಳಕಿಗೆ ಹಿಡಿದಾಗ ಒಂದೇ ಡ್ರಮ್ಮಿನ ಆಯಿಲ್ ಅಂತ ನಂಬುವುದೇ ಕಷ್ಟವಾಯಿತು.

ಬಳಕೆಯಲ್ಲಿರುವ ಆಯಿಲ್‌ನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60422 ಪ್ರಕಾರ ನಿಮ್ಮ ವೋಲ್ಟೇಜಿಗೆ ಆಸಿಡಿಟಿ 0.15ರಿಂದ 0.30ರವರೆಗೆ ಮಧ್ಯಮ, 0.30 ದಾಟಿದರೆ ಕೆಟ್ಟದ್ದು. ಇನ್ನೂ ಮಧ್ಯಮ ಅಲ್ವಾ ಅಂತ ಕೂರಬೇಡಿ. ಆಸಿಡ್ ಹುಟ್ಟಿದಷ್ಟೂ ವೈಂಡಿಂಗ್ ತಂತಿಗೆ ಸುತ್ತಿದ ಪೇಪರ್ ಬೇಗ ಹಾಳಾಗುತ್ತದೆ. ಪೇಪರ್ ಹಾಳಾದಾಗ ಅದರಿಂದಲೂ ನೀರು, ಆಸಿಡ್ ಬರುತ್ತವೆ. ಆಯಿಲ್ ಬದಲಿಸಬಹುದು, ಪೇಪರ್ ಬದಲಿಸಬೇಕಾದರೆ ವೈಂಡಿಂಗನ್ನೇ ಬಿಚ್ಚಬೇಕು.

ಕಾಯಿಲ್‌ಕೆಲಸ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ರಿವೈಂಡಿಂಗ್ ಮಾಡುವವನು. ಇಂಥ ಟ್ರಾನ್ಸ್‌ಫಾರ್ಮರ್ ಬಿಚ್ಚಿದಾಗ ಕಾಯಿಲ್ ನಡುವಿನ ಸಂದಿಗಳಲ್ಲಿ ಕಪ್ಪು ಮಡ್ಡಿ ಕೂತಿರುತ್ತದೆ. ಆಯಿಲ್ ಓಡಾಡಲು ಜಾಗ ಇಲ್ಲದೆ ಅಲ್ಲಿ ಬಿಸಿ ಇನ್ನೂ ಏರುತ್ತದೆ. ಪೇಪರನ್ನು ಮಡಚಿದರೆ ಒಣ ಎಲೆ ಥರ ಪುಡಿಯಾಗುತ್ತದೆ. ಆಯಿಲ್‌ನಲ್ಲಿ ಮುಳುಗಿರುವಾಗ ಅದೂ ಕರೆಂಟ್ ತಡೆಯುತ್ತದೆ, ಹೊರಗೆ ಶಾರ್ಟ್ ಆಗಿ ಕಾಯಿಲ್ ಒಮ್ಮೆ ಜಗ್ಗಿದರೆ ಮಾತ್ರ ಮುಗೀತು.

ಶಿಫ್ಟ್‌ನವ:
ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಹಳೆ ಆಯಿಲ್ ಚೆಲ್ಲಿ ಹೊಸದು ತುಂಬಿದರೆ ಸಾಕಾ? ಮ್ಯಾನೇಜರ್ ಸಸ್ಯದ ಎಣ್ಣೆ, ಅಂದರೆ ನ್ಯಾಚುರಲ್ ಎಸ್ಟರ್ ಹಾಕೋಣ ಅಂತಾರೆ. ಮತ್ತೆ, ಲೋಡ್ ಜಾಸ್ತಿಯಾಗಿ ಮಧ್ಯಾಹ್ನ ತುಂಬಾ ಬಿಸಿಯಾಗುತ್ತದೆ. ಅದರಿಂದ ಎಷ್ಟು ನಷ್ಟ?

ಆಯಿಲ್‌ಲ್ಯಾಬ್:
ಬಿಸಿಯಿಂದ ಶುರು ಮಾಡುತ್ತೇನೆ. ಸಾಮಾನ್ಯ ಕ್ರಾಫ್ಟ್ ಪೇಪರ್‌ಗೆ ಹಾಟ್‌ಸ್ಪಾಟ್ (ವೈಂಡಿಂಗ್‌ನ ಅತಿ ಬಿಸಿ ಜಾಗ) 98 ಡಿಗ್ರಿ ಇದ್ದರೆ ವಯಸ್ಸಾಗುವ ವೇಗ ಒಂದು ಅಂತ ಲೆಕ್ಕ. ಅಲ್ಲಿಂದ ಪ್ರತಿ 6 ಡಿಗ್ರಿಗೆ ವೇಗ ಎರಡು ಪಟ್ಟು. 104ರಲ್ಲಿ ಎರಡು, 110ರಲ್ಲಿ ನಾಲ್ಕು. ಅಂದರೆ 110ರಲ್ಲಿ ಕಳೆದ ಮೂರು ಗಂಟೆ, ಪೇಪರ್ ಪಾಲಿಗೆ ಹನ್ನೆರಡು ಗಂಟೆ. ಪೇಪರ್ ಒದ್ದೆಯಿದ್ದರೆ ಇನ್ನೂ ಬೇಗ.

ಬರೀ ಚೆಲ್ಲಿ ತುಂಬಿದರೆ ಪೇಪರ್ ಹೀರಿಕೊಂಡ ಹಳೆ ಆಯಿಲ್ ಮತ್ತು ಮಡ್ಡಿ ಒಳಗೇ ಉಳಿಯುತ್ತವೆ. ಹೊಸ ಆಯಿಲ್‌ನ ಆಸಿಡಿಟಿ ಕೆಲವೇ ತಿಂಗಳಲ್ಲಿ ಏರುವುದನ್ನು ನಾನೇ ನೋಡಿದ್ದೇನೆ. ನನ್ನ ಓಟು ರಿಕ್ಲಮೇಶನ್‌ಗೆ. ಫುಲ್ಲರ್ಸ್ ಅರ್ತ್ ಅನ್ನುವ ಜೇಡಿಮಣ್ಣಿನ ಮೂಲಕ ಬಿಸಿ ಆಯಿಲನ್ನು ಮತ್ತೆ ಮತ್ತೆ ಹಾಯಿಸುತ್ತಾರೆ. ಮಣ್ಣು ಆಸಿಡ್ ಹೀರುತ್ತದೆ, ಬಿಸಿ ಆಯಿಲ್ ಒಳಗಿನ ಮಡ್ಡಿಯನ್ನು ನಿಧಾನವಾಗಿ ಕರಗಿಸಿ ತರುತ್ತದೆ. ಅವಸರ ಮಾಡಿ ಎರಡೇ ಸುತ್ತಿಗೆ ನಿಲ್ಲಿಸಲು ಬಿಡಬೇಡಿ. ಕೊನೆಗೆ 0.3 ಶೇಕಡಾದಷ್ಟು ಇನ್ಹಿಬಿಟರ್ ಸೇರಿಸಲೇಬೇಕು, ಇಲ್ಲದಿದ್ದರೆ ಆಯಿಲ್ ಮತ್ತೆ ಬೇಗ ಕೆಡುತ್ತದೆ.

ಎಸ್ಟರ್ ಒಳ್ಳೆಯದೇ. 20 ಡಿಗ್ರಿಯಲ್ಲಿ ಮಿನರಲ್ ಆಯಿಲ್ ಸುಮಾರು 55 ಪಿಪಿಎಂ ನೀರು ಹಿಡಿದರೆ, ಅದು 1000 ಪಿಪಿಎಂ ಆಸುಪಾಸು ಹಿಡಿಯುತ್ತದೆ. ಪೇಪರ್‌ನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದರೆ ಗಾಳಿ ತಾಗಿದರೆ ಗಟ್ಟಿಯಾಗುತ್ತಾ ಹೋಗುತ್ತದೆ. ನಿಮ್ಮದು ಗಾಳಿ ಎಳೆಯುವ ಕನ್ಸರ್ವೇಟರ್. ಅದನ್ನು ಸೀಲ್ ಮಾಡದೆ ಎಸ್ಟರ್ ಬೇಡ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ರಿಕ್ಲಮೇಶನ್‌ಗೆ ಮುಂಚೆಯೇ ಫ್ಯುರಾನ್ (ಪೇಪರ್ ಸವೆದಾಗ ಆಯಿಲ್‌ಗೆ ಸೇರುವ ವಸ್ತು) ಪರೀಕ್ಷೆಗೆ ಸ್ಯಾಂಪಲ್ ತೆಗೆಯಿರಿ. ಪೇಪರ್ ಎಷ್ಟು ಸವೆದಿದೆ ಅಂತ ಬಿಚ್ಚದೆ ಅಂದಾಜು ಮಾಡಲು ಇರುವ ದಾರಿ ಅದು. ಆ ಮಣ್ಣು ಫ್ಯುರಾನನ್ನೂ ಹೀರಿಬಿಡುತ್ತದೆ. ಆಮೇಲೆ ತೆಗೆದ ಸ್ಯಾಂಪಲ್ ನೋಡಿದರೆ ಪೇಪರ್ ಹೊಸದೇ ಅನ್ನಿಸುತ್ತದೆ.

ಶಿಫ್ಟ್‌ನವ:
ನಾಳೆ ಬೆಳಗಿನ ಶಿಫ್ಟ್‌ನಲ್ಲೇ ತೆಗೆಯುತ್ತೇನೆ. ಬಾಟಲಿ ಮೇಲೆ ಆಯಿಲ್‌ನ ಬಿಸಿಯನ್ನೂ ಬರೆಯಲಾ?

ಆಯಿಲ್‌ಲ್ಯಾಬ್:
ಬರೆಯಿರಿ. ಲೋಡ್ ಎಷ್ಟಿತ್ತು ಅಂತಲೂ ಬರೆಯಿರಿ. ಮೊದಲ ಒಂದೆರಡು ಲೀಟರ್ ಬೇರೆ ಪಾತ್ರೆಗೆ ಬಿಟ್ಟು, ಆಮೇಲೆ ಬಾಟಲಿ ಹಿಡಿಯಿರಿ.