ತಡೆಯುವುದೋ, ತಡೆದುಕೊಳ್ಳುವುದೋ: ‘ನಿರೋಧಕ’ದ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ಔಷಧೀಯ ಗಿಡಗಳ ಸಾರವನ್ನು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದ ವರದಿಯೊಂದನ್ನು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ಹಿಡಿದಿದ್ದೇನೆ. ಒಂದೇ ಒಂದು ವಾಕ್ಯ ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಬಳಕೆಯಲ್ಲಿರುವ ಪಾರಿಭಾಷಿಕ ಪದಗಳನ್ನೇ ಜೋಡಿಸಿದರೆ ಅದು ಹೀಗಾಗುತ್ತದೆ: “ಪ್ರತಿಜೀವಕ ನಿರೋಧಕ ಬ್ಯಾಕ್ಟೀರಿಯಾಗಳ ಮೇಲೆ ಈ ಎಲೆಯ ಬ್ಯಾಕ್ಟೀರಿಯಾ ನಿರೋಧಕ ಸಂಯುಕ್ತಗಳು ಪರಿಣಾಮ ಬೀರುತ್ತವೆ, ಇವುಗಳಿಗೆ ಉತ್ಕರ್ಷಣ ನಿರೋಧಕ ಗುಣವೂ ಇದೆ.”

ಒಂದೇ ಉಸಿರಿನಲ್ಲಿ ಮೂರು ನಿರೋಧಕಗಳು. ಮೊದಲನೆಯದರಲ್ಲಿ ಬ್ಯಾಕ್ಟೀರಿಯಾ ಪ್ರತಿಜೀವಕಕ್ಕೆ, ಅಂದರೆ ಆಂಟಿಬಯೋಟಿಕ್ ಔಷಧಕ್ಕೆ, ಜಗ್ಗದೆ ನಿಂತಿದೆ: ಔಷಧದ ಅಣುವನ್ನು ಒಡೆಯುವ ಕಿಣ್ವ ಅದರ ಬಳಿ ಇದೆ, ಇಲ್ಲವೇ ಒಳಗೆ ಬಂದ ಔಷಧವನ್ನು ಹೊರದಬ್ಬುವ ಪಂಪು ಇದೆ, ಇಲ್ಲವೇ ಔಷಧ ಅಂಟಿಕೊಳ್ಳಬೇಕಾದ ಜಾಗವನ್ನೇ ಅದು ಬದಲಿಸಿಕೊಂಡಿದೆ. ಎರಡನೆಯದರಲ್ಲಿ ಗಿಡದ ಸಂಯುಕ್ತ ಅದೇ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಅಡ್ಡಗಟ್ಟುತ್ತಿದೆ. ಅಂದರೆ ಹೊಡೆಯುವವನಿಗೂ ಹೊಡೆತಕ್ಕೆ ಎದೆಯೊಡ್ಡಿದವನಿಗೂ ಒಂದೇ ಬಿರುದು ಕೊಟ್ಟಿದ್ದೇವೆ. ಮೂರನೆಯದರ ಕಥೆಯೇ ಬೇರೆ, ಆಮೇಲೆ ಹೇಳುತ್ತೇನೆ.

ಈ ಗೊಂದಲ ವಿಜ್ಞಾನದಿಂದ ಬಂದದ್ದಲ್ಲ, ಪದದ ಒಳಗೇ ಇತ್ತು ಎಂದು ನನಗೆ ಅನಿಸುತ್ತದೆ. ‘ಗರ್ಭನಿರೋಧಕ’ ಗರ್ಭವನ್ನು ಆಗಗೊಡುವುದಿಲ್ಲ. ‘ಜಲನಿರೋಧಕ’ ಬಟ್ಟೆ, ‘ಗುಂಡುನಿರೋಧಕ’ ಕವಚ ನೀರಿಗೂ ಗುಂಡಿಗೂ ಮೈಯೊಡ್ಡಿ ತಾವು ಕೆಡದೆ ಉಳಿಯುತ್ತವೆ. ‘ರೋಗನಿರೋಧಕ’ ಎಂಬ ಒಂದೇ ಸಮಾಸ ಎರಡೂ ಕಡೆ ಓಡಾಡುತ್ತದೆ: ರೋಗನಿರೋಧಕ ಲಸಿಕೆ ರೋಗ ಬರದಂತೆ ತಡೆಯುತ್ತದೆ, ರೋಗನಿರೋಧಕ ತಳಿ ರೋಗಾಣು ಬಿದ್ದರೂ ಬಾಗದೆ ನಿಲ್ಲುತ್ತದೆ. ಅಲ್ಲೆಲ್ಲ ಯಾರೂ ಎಡವುವುದಿಲ್ಲ, ಏಕೆಂದರೆ ಎರಡು ಅರ್ಥಗಳು ಒಂದೇ ವಾಕ್ಯದಲ್ಲಿ ಮುಖಾಮುಖಿಯಾಗುವ ಸಂದರ್ಭ ಅಪರೂಪ. ಗಿಡಮೂಲಿಕೆಯ ಪರೀಕ್ಷೆಯಲ್ಲಿ ಮಾತ್ರ ಮುಖಾಮುಖಿಯಾಗುವುದೇ ನಿಯಮ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವುದೇ ಈ ಹುಡುಕಾಟಕ್ಕೆ ದೊಡ್ಡ ಕಾರಣ.

ನನ್ನ ಸಲಹೆ ಹೀಗಿದೆ. ಸಂಸ್ಕೃತದ ಸಮಾಸ ಮಸುಕುಗೊಳಿಸಿದ್ದನ್ನು ಕನ್ನಡದ ಕ್ರಿಯಾಪದ ಸಲೀಸಾಗಿ ಬೇರ್ಪಡಿಸುತ್ತದೆ. ‘ತಡೆ’ ಬೇರೆ, ‘ತಡೆದುಕೊಳ್ಳು’ ಬೇರೆ. “ಬ್ಯಾಕ್ಟೀರಿಯಾವನ್ನು ತಡೆಯುವ ಸಾರ”, “ಔಷಧವನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾ” ಎಂದು ಬರೆದರೆ ಯಾವುದು ಯಾವುದೆಂದು ಮಗುವಿಗೂ ತಿಳಿಯುತ್ತದೆ. ಒಂದು ‘ಕೊಳ್ಳು’ ಇಷ್ಟು ಕೆಲಸ ಮಾಡುವಾಗ ಹೊಸ ಪದ ಕಟ್ಟುವ ಅಗತ್ಯವೇನಿದೆ? ‘ತಾಳಿಕೊಳ್ಳುವ’ ಎಂಬುದನ್ನು ಮಾತ್ರ ಇಲ್ಲಿ ಖರ್ಚು ಮಾಡಬಾರದು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಅದಕ್ಕೆ ಹೊಂದುವ ಬೇರೊಂದು ಸ್ಥಿತಿಯಿದೆ: ಬೆಳವಣಿಗೆ ನಿಲ್ಲಿಸಲು ಬೇಕಾದ ಔಷಧದ ಪ್ರಮಾಣ ಏರಿರುವುದಿಲ್ಲ, ಆದರೆ ಬ್ಯಾಕ್ಟೀರಿಯಾ ಸಾಯಲು ಬಹಳ ಹೊತ್ತು ಹಿಡಿಯುತ್ತದೆ. ‘ತಾಳಿಕೆ’ಯನ್ನು ಅದಕ್ಕೆ ಮೀಸಲಿಡೋಣ.

ವಿಶೇಷಣವಾಗಿ ಸರಿ, ನಾಮಪದ ಬೇಕಾದಾಗ ಏನು ಮಾಡುವುದು ಎಂದು ಕೇಳುವವರಿದ್ದೀರಿ. ‘ತಡೆದುಕೊಳ್ಳುವಿಕೆ’ ಶೀರ್ಷಿಕೆಯಲ್ಲಿ ಕೂರುವುದಿಲ್ಲ, ಒಪ್ಪುತ್ತೇನೆ. ಬ್ಯಾಕ್ಟೀರಿಯಾದ ಕಡೆಗೆ ‘ಪ್ರತಿರೋಧ’, ಸಂಯುಕ್ತದ ಕಡೆಗೆ ‘ಪ್ರತಿಬಂಧ’ ಎಂದು ಹಂಚಿಕೊಟ್ಟರೆ ಹೇಗೆ? ಎರಡೂ ಹಳೆಯ ಪದಗಳೇ. ಹಂಚಿಕೆಯನ್ನು ಎಲ್ಲರೂ ಪಾಲಿಸಿದರೆ ಮಾತ್ರ ಅದಕ್ಕೆ ಬೆಲೆ.

ಇನ್ನು ‘ನಾಶಕ’. “ಬೇವಿನೆಲೆಗೆ ಕ್ರಿಮಿನಾಶಕ ಗುಣವಿದೆ” ಎಂದರೆ ಕೃಷಿಕನಿಗೆ ಸಿಂಪಡಣೆಯ ಔಷಧ ನೆನಪಾಗುತ್ತದೆ. ಬೇವಿನ ಬೀಜದ ಅಜಾಡಿರಾಕ್ಟಿನ್ ನಿಜಕ್ಕೂ ಕೀಟಗಳ ಬೆಳವಣಿಗೆಯನ್ನು ಕೆಡಿಸುವುದರಿಂದ ಅವನ ಊಹೆಯನ್ನು ತಪ್ಪೆನ್ನಲೂ ಆಗದು. ವರದಿ ಹೇಳುತ್ತಿರುವುದು ಬೇರೆ ಎಂಬುದಷ್ಟೇ ಸಮಸ್ಯೆ. ‘ಬ್ಯಾಕ್ಟೀರಿಯಾನಾಶಕ’ ಎಂದು ತಿದ್ದಿದರೂ ಪೂರ್ತಿ ಸರಿಯಾಗುವುದಿಲ್ಲ. ಬೆಳೆಯದಂತೆ ಹಿಡಿದಿಡುವುದು ಒಂದು, ಕೊಲ್ಲುವುದು ಇನ್ನೊಂದು. ದ್ರವ ಮಾಧ್ಯಮದಲ್ಲಿ ಸಾರವನ್ನು ಅರ್ಧರ್ಧ ತೆಳುವಾಗಿಸುತ್ತ ಹೋಗಿ, ಕಣ್ಣಿಗೆ ಕಾಣುವ ಬೆಳವಣಿಗೆ ಇಲ್ಲದ ಕೊನೆಯ ನಳಿಕೆಯನ್ನು ಗುರುತಿಸಿದರೆ ಸಿಗುವುದು ಕನಿಷ್ಠ ಪ್ರತಿಬಂಧಕ ಸಾಂದ್ರತೆ. ಆ ತಿಳಿಯಾದ ನಳಿಕೆಗಳಿಂದ ತೊಟ್ಟು ತೆಗೆದು ಸಾರವಿಲ್ಲದ ತಟ್ಟೆಗೆ ಹಚ್ಚಿ, ಮೊದಲಿದ್ದ ಬ್ಯಾಕ್ಟೀರಿಯಾಗಳಲ್ಲಿ ಶೇ 99.9ರಷ್ಟು ಸತ್ತಿವೆ ಎಂದು ಖಚಿತವಾದರೆ ಮಾತ್ರ ‘ನಾಶಕ’ ಪದಕ್ಕೆ ಹಕ್ಕು ಬರುತ್ತದೆ. ನನ್ನ ಕೈಲಿರುವ ವರದಿಯಲ್ಲಿ ಈ ಎರಡನೆಯ ಹೆಜ್ಜೆ ಇಲ್ಲ. ಆದ್ದರಿಂದ ‘ನಾಶಕ’ವನ್ನು ಎಲ್ಲ ಕಡೆಯಿಂದಲೂ ತೆಗೆದುಹಾಕಿದ್ದೇನೆ.

‘ಚಟುವಟಿಕೆ’ಯನ್ನೂ ತೆಗೆದೆ. “ಬ್ಯಾಕ್ಟೀರಿಯಾ ವಿರೋಧಿ ಚಟುವಟಿಕೆ ಕಂಡುಬಂದಿದೆ” ಎಂದು ಓದಿದರೆ ಪೊಲೀಸರು ತುಳಸಿಯ ಮೇಲೆ ಪ್ರಕರಣ ದಾಖಲಿಸಿಕೊಂಡಂತೆ ಕೇಳುತ್ತದೆ. ‘ಗುಣ’ ಸಾಕು.

ಈಗ ಮೂರನೆಯ ನಿರೋಧಕ. ಶಾಲೆಯ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣ (ಆಕ್ಸಿಡೇಷನ್, ಎಲೆಕ್ಟ್ರಾನ್ ಕಳೆದುಕೊಳ್ಳುವುದು), ಅಪಕರ್ಷಣ (ಅದರ ವಿರುದ್ಧ ಕ್ರಿಯೆ) ಎಂದು ಕಲಿತವರಿಗೆ ‘ಉತ್ಕರ್ಷಣ ನಿರೋಧಕ’ ತಕ್ಷಣ ತಿಳಿಯುತ್ತದೆ. ಉಳಿದವರಿಗೆ ಉತ್ಕರ್ಷವೆಂದರೆ ಏಳಿಗೆ. ಏಳಿಗೆಯನ್ನು ತಡೆಯುವ ನೆಲ್ಲಿಕಾಯಿಯನ್ನು ಯಾರು ತಾನೇ ತಿಂದಾರು! ತಮಾಷೆ ಬಿಡಿ, ನನ್ನ ಆಕ್ಷೇಪ ಉತ್ತರಪದವಾದ ‘ನಿರೋಧಕ’ದ ಮೇಲೆ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಸುವ ಡಿಪಿಪಿಎಚ್ ಪರೀಕ್ಷೆಯನ್ನು ನೋಡಿ. ಡಿಪಿಪಿಎಚ್ ಎಂಬುದು ಜೊತೆಯಿಲ್ಲದ ಎಲೆಕ್ಟ್ರಾನ್ ಇರುವ, ಗಾಢ ನೇರಳೆ ಬಣ್ಣದ ಸ್ಥಿರ ರ್‍ಯಾಡಿಕಲ್. ಗಿಡದ ಸಾರದಲ್ಲಿರುವ ಫೀನಾಲಿಕ್ ಸಂಯುಕ್ತಗಳು ಅದಕ್ಕೆ ಹೈಡ್ರೋಜನ್ ಅಥವಾ ಎಲೆಕ್ಟ್ರಾನ್ ಕೊಟ್ಟಾಗ ನೇರಳೆ ಕರಗಿ ತಿಳಿ ಹಳದಿಯಾಗುತ್ತದೆ. 517 ನ್ಯಾನೊಮೀಟರ್ ತರಂಗಾಂತರದ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ಅಳೆಯುತ್ತಾರೆ. ಇಲ್ಲಿ ಯಾರೂ ಯಾರನ್ನೂ ತಡೆಯುತ್ತಿಲ್ಲ. ಫೀನಾಲಿಕ್ ಅಣು ತಾನೇ ಉತ್ಕರ್ಷಣಗೊಂಡು ರ್‍ಯಾಡಿಕಲನ್ನು ತಣಿಸುತ್ತಿದೆ. ಹಾಗಾಗಿ ಈ ಪರೀಕ್ಷೆಯ ಮಟ್ಟಿಗೆ “ರ್‍ಯಾಡಿಕಲ್ ತಣಿಸುವ ಗುಣ” ಎಂದು ಬರೆಯುತ್ತಿದ್ದೇನೆ. ಸಾಮಾನ್ಯ ಹೆಸರಾಗಿ ‘ಆಂಟಿಆಕ್ಸಿಡೆಂಟ್’ ಎಂಬುದನ್ನೇ ಉಳಿಸಿಕೊಳ್ಳುವ ಮನಸ್ಸಿದೆ. ಪತ್ರಿಕೆಗಳ ಆರೋಗ್ಯ ಪುಟ ಓದುವವರಿಗೆ ಅದು ಆಗಲೇ ಪರಿಚಿತ.

ಇದೇ ಪರೀಕ್ಷೆಯ ಫಲಿತಾಂಶವನ್ನು ‘ಐಸಿ 50’ ಎಂದು ಕೊಡುತ್ತಾರೆ: ರ್‍ಯಾಡಿಕಲನ್ನು ಅರ್ಧಕ್ಕೆ ಇಳಿಸಲು ಬೇಕಾದ ಸಾರದ ಸಾಂದ್ರತೆ. ಅಂಕಿ ಕಿರಿದಾದಷ್ಟೂ ಗುಣ ಹಿರಿದು. ‘ಅರ್ಧಕ್ಕಿಳಿಸುವ ಸಾಂದ್ರತೆ’ ಎಂದು ಬಿಡಿಸಿ ಬರೆದರೆ ಓದುಗ ಅಂಕಿಯನ್ನು ತಿರುವುಮುರುವಾಗಿ ಓದುವ ಅಪಾಯ ತಪ್ಪುತ್ತದೆ.

‘ಸಾರ’ದ ಬದಲು ‘ಕಷಾಯ’ ಬಳಸಬಹುದಲ್ಲ ಎಂದು ಕರಡು ಓದಿದ ಒಬ್ಬರು ಕೇಳಿದರು. ಆಯುರ್ವೇದದ ಪರಿಭಾಷೆಯಲ್ಲಿ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಐದು ಬಗೆಗಳಿಗೂ ಕಷಾಯವೆಂದೇ ಹೆಸರಿದೆ, ಅವರ ವಾದಕ್ಕೆ ಬಲವಿಲ್ಲದಿಲ್ಲ. ಆದರೆ ಇಂದಿನ ಕನ್ನಡದಲ್ಲಿ ಕಷಾಯವೆಂದರೆ ಕುದಿಸಿದ್ದು ಮಾತ್ರ. ಮೆಥನಾಲಿನಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಹಾರಿಸಿ ಉಳಿಸಿಕೊಂಡ ಅಂಟನ್ನು ಕಷಾಯ ಎಂದರೆ ಓದುಗ ಅದನ್ನು ಕುಡಿಯುವ ಪದಾರ್ಥವೆಂದೇ ತಿಳಿಯುತ್ತಾನೆ. ಕುದಿಸುವುದು, ಕುದಿಸದಿರುವುದು ಸಣ್ಣ ವ್ಯತ್ಯಾಸವೂ ಅಲ್ಲ. ಮಲೇರಿಯಾ ಔಷಧವಾದ ಆರ್ಟೆಮಿಸಿನಿನ್‌ನ ಹುಡುಕಾಟದಲ್ಲಿ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ದಾರಿ ಸಿಕ್ಕಿದ್ದು ಇಲ್ಲೇ. 4ನೇ ಶತಮಾನದ ವೈದ್ಯ ಗೆ ಹೋಂಗ್, ಆ ಔಷಧ ಸಿಗುವ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಲು ಹೇಳಿದ್ದ, ಕುದಿಸಲು ಹೇಳಿರಲಿಲ್ಲ. ಬಿಸಿಗೆ ಗುಣ ಕೆಡುತ್ತಿರಬಹುದೆಂದು ಊಹಿಸಿ ತು ಯೂಯೂ ಕಡಿಮೆ ತಾಪದಲ್ಲಿ ಕುದಿಯುವ ಈಥರ್ ದ್ರಾವಕವನ್ನು ಬಳಸಿದರು. 1971ರಲ್ಲಿ ಆ ಸಾರ ಫಲ ಕೊಟ್ಟಿತು, 2015ರಲ್ಲಿ ನೊಬೆಲ್ ಬಂತು. ಆದ್ದರಿಂದ ‘ಸಾರ’ವೇ ಇರಲಿ, ಹಿಂದೆ ದ್ರಾವಕದ ಹೆಸರು ಸೇರಲಿ: ಮೆಥನಾಲ್ ಸಾರ, ಜಲಸಾರ.

ನಿಮ್ಮಿಂದ ಮುಖ್ಯವಾಗಿ ಕೇಳಬೇಕಾದದ್ದು ಇನ್ನೊಂದಿದೆ. ಬ್ಯಾಕ್ಟೀರಿಯಾ ಹರಡಿದ ಅಗರ್ (ಅವನ್ನು ಬೆಳೆಸಲು ಬಳಸುವ ಲೋಳೆಯಂಥ ಮಾಧ್ಯಮ) ತಟ್ಟೆಯ ಮೇಲೆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಇಟ್ಟು ಮರುದಿನ ನೋಡಿದರೆ, ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ತಿಳಿಯಾದ ವೃತ್ತ ಕಾಣುತ್ತದೆ. ಪಠ್ಯಗಳ ಜಾಡಿನಲ್ಲಿ ಹೋದರೆ ಅದು ‘ಪ್ರತಿಬಂಧಕ ವಲಯ’. ಅದನ್ನು ಓದಿದವರಿಗೆ ಪ್ರವೇಶ ನಿಷೇಧಿಸಿದ ಪ್ರದೇಶ ನೆನಪಾಗುತ್ತದೆ. ನಾನು ‘ತಿಳಿವಲಯ’ ಎಂದು ಬರೆದಿದ್ದೇನೆ. ಬರಿಯ ಕಣ್ಣಿಗೆ ಕಾಣುವುದನ್ನಷ್ಟೇ ಅದು ಹೇಳುತ್ತದೆ, ಬಲದ ಬಗ್ಗೆ ಏನೂ ಹೇಳುವುದಿಲ್ಲ. ಹಾಗೆ ಹೇಳದಿರುವುದೇ ಒಳ್ಳೆಯದು: ಅಗರ್‌ನಲ್ಲಿ ಸುಲಭವಾಗಿ ಹರಡದ ಅಣು ಎಷ್ಟೇ ತೀಕ್ಷ್ಣವಾಗಿದ್ದರೂ ಅದರ ವೃತ್ತ ಚಿಕ್ಕದಾಗಿಯೇ ಇರುತ್ತದೆ. ‘ತಿಳಿ’ಯಲ್ಲಿ ಅರಿವಿನ ಅರ್ಥವೂ ಇರುವುದರಿಂದ ಯಾರಾದರೂ ‘ತಿಳಿವಿನ ವಲಯ’ ಎಂದು ಓದಿಕೊಂಡಾರೆಂಬ ಅಳುಕಿದೆ. ಇದಕ್ಕಿಂತ ಒಪ್ಪುವ ಪದವನ್ನು ನೀವು ಬಳಸಿದ್ದರೆ ಅಥವಾ ಕೇಳಿದ್ದರೆ, ಅದು ಬಂದ ಒಂದು ಪೂರ್ಣ ವಾಕ್ಯದ ಜೊತೆಗೆ ತಿಳಿಸಿ. ಬಿಡಿ ಪದ ಮಾತ್ರ ಸಿಕ್ಕರೆ ನನಗೆ ಹೆಚ್ಚು ಉಪಯೋಗವಿಲ್ಲ.